ದುವ್ವಾಡದ ಸೆಕೆಯಲ್ಲಿ ಗಣಕಯಂತ್ರ: ಕುದಿಸಿ ತಣಿಸುವ ವಿದ್ಯೆಯ ಚರಿತ್ರೆ

ವಿಜಯವಾಡದ ಕಡೆಯಿಂದ ಹೌರಾ ಮಾರ್ಗ ಹಿಡಿದ ರೈಲುಗಳಿಗೆ ವಿಶಾಖಪಟ್ಟಣಕ್ಕಿಂತ ತುಸು ಮೊದಲು ಸಿಗುವ ದುವ್ವಾಡವು, ನಗರದ ಮುಖ್ಯ ನಿಲ್ದಾಣಕ್ಕೆ ಹೋಗಿ ಎಂಜಿನ್ನಿನ ದಿಕ್ಕು ಬದಲಿಸುವ ಗೋಜಿಲ್ಲದೆ ಮುಂದೆ ಸಾಗಬೇಕಾದ ಗಾಡಿಗಳ ತಂಗುದಾಣವಾಗಿ ಹೊರಗಿನವರಿಗೆ ಪರಿಚಿತವಾಗಿದೆ. ಊರಿನ ಈಗಿನ ರೂಪಕ್ಕೆ ಕಾರಣವಾದವು ಎರಡು: 1971ರಲ್ಲಿ ಶಂಕುಸ್ಥಾಪನೆಯಾಗಿ 1992ರಲ್ಲಿ ರಾಷ್ಟ್ರಕ್ಕೆ ಸಮರ್ಪಣೆಗೊಂಡ ಪಕ್ಕದ ಉಕ್ಕಿನ ಕಾರ್ಖಾನೆ ಮತ್ತು 1989ರಲ್ಲಿ ರಫ್ತು ಸಂಸ್ಕರಣಾ ವಲಯವಾಗಿ ಹುಟ್ಟಿ ಮುಂದೆ ವಿಶೇಷ ಆರ್ಥಿಕ ವಲಯವೆನಿಸಿದ ಕೈಗಾರಿಕಾ ಪ್ರದೇಶ. ಬಂಗಾಳ ಕೊಲ್ಲಿಯ ತೇವ ಹೊತ್ತ ಗಾಳಿ ವರ್ಷದ ಬಹುಪಾಲು ಬೀಸುವ ಈ ದಂಡೆಯಲ್ಲಿ ಯಂತ್ರಗಳನ್ನು ತಣ್ಣಗಿಡುವ ಕೆಲಸವು ಒಳನಾಡಿನಲ್ಲಿ ನಡೆದಂತೆ ನಡೆಯುವುದಿಲ್ಲ. ಗಣಕಯಂತ್ರವನ್ನು ಮನೆಯಲ್ಲೇ ಜೋಡಿಸಿದ ಕಂಪ್ರೆಸರ್ ವ್ಯವಸ್ಥೆಯಿಂದ ತಣಿಸುವ ಹವ್ಯಾಸಕ್ಕೆ ಕಾಲು ಶತಮಾನದಷ್ಟು ವಯಸ್ಸಾಗಿದ್ದರೂ ಅದರ ಒಂದೊಂದು ಅಂಗವೂ ಬಂದದ್ದು ಮಂಜುಗಡ್ಡೆಯ ವ್ಯಾಪಾರ, ಮೀನಿನ ಕಸುಬು ಮತ್ತು ಫ್ರಿಜ್ ರಿಪೇರಿಯ ಅಂಗಡಿಗಳಿಂದ. ಕರಾವಳಿಯಲ್ಲಿ ಅದನ್ನು ಕೊನೆಗೆ ಸೋಲಿಸಿದ್ದು ಗಾಳಿಯೊಳಗಿನ ನೀರು.

ಈ ವಿದ್ಯೆಯ ತಳಹದಿಯಾದ ಸ್ಥಿತಿ ಬದಲಾವಣೆಯೆಂದರೆ ದ್ರವವು ಆವಿಯಾಗುವುದು, ಆವಿಯು ಮತ್ತೆ ದ್ರವವಾಗುವುದು, ಘನವು ಕರಗುವುದು. ಒಂದು ಕಿಲೋ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು ಸುಮಾರು 4.2 ಕಿಲೋಜೂಲ್ ಶಾಖ ಸಾಕಾದರೆ, ಕುದಿಯುತ್ತಿರುವ ಅದೇ ನೀರನ್ನು ಪೂರ್ತಿ ಆವಿಯಾಗಿಸಲು ಸುಮಾರು 2,257 ಕಿಲೋಜೂಲ್ ಬೇಕು, ಮತ್ತು ಅಷ್ಟು ಶಾಖ ಒಳಸೇರಿದರೂ ಉಷ್ಣಮಾಪಕದ ಪಾದರಸ ಕದಲುವುದಿಲ್ಲ. ಹೀಗೆ ಕಣ್ಣಿಗೆ ಕಾಣದಂತೆ ಅಡಗಿ ಕೂರುವ ಶಾಖಕ್ಕೆ ಗುಪ್ತೋಷ್ಣವೆಂದು ಹೆಸರು. ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ 1760ರ ದಶಕದ ಆರಂಭದಲ್ಲಿ ಇದನ್ನು ಅಳೆದು ತೋರಿಸಿದನು. ಮಣ್ಣಿನ ಹೂಜಿಯ ನೀರು ತಣ್ಣಗಿರುವುದು, ಲಾವಂಚದ ತಟ್ಟಿಗೆ ನೀರು ಚಿಮುಕಿಸಿದಾಗ ಕೋಣೆ ತಂಪಾಗುವುದು, ಬೆವರಿದ ಮೈಗೆ ಗಾಳಿ ಸೋಕಿದಾಗ ಹಿತವಾಗುವುದು ಎಲ್ಲವೂ ಈ ಗುಪ್ತೋಷ್ಣದ ಕೆಲಸವೇ ಆಗಿದ್ದು, ತಂಪನ್ನು ಯಾರೂ ತಯಾರಿಸುವುದಿಲ್ಲ, ಶಾಖವನ್ನು ಒಂದೆಡೆಯಿಂದ ಎತ್ತಿ ಇನ್ನೊಂದೆಡೆ ಇಳಿಸುವುದಷ್ಟೇ ಎಲ್ಲ ತಂಪುಯಂತ್ರಗಳ ಕಾಯಕ.

ಆವಿಯಾಗುವ ನೀರು ಎಷ್ಟು ತಂಪು ಕೊಡಬಲ್ಲದು ಎಂಬುದನ್ನು ಗಾಳಿಯ ತೇವಾಂಶ ನಿರ್ಧರಿಸುತ್ತದೆ, ಮತ್ತು ಈ ವಿಷಯದಲ್ಲಿ ಸುಮಾರು 350 ಕಿಲೋಮೀಟರ್ ಅಂತರದ ವಿಜಯವಾಡ ಹಾಗೂ ವಿಶಾಖಪಟ್ಟಣಗಳು ಬೇರೆ ಬೇರೆ ದೇಶಗಳಂತೆ ವರ್ತಿಸುತ್ತವೆ. ಪಡುವಣದ ಒಣಗಾಳಿ ಬೀಸುವ ಮೇ ತಿಂಗಳ ಮಧ್ಯಾಹ್ನ ವಿಜಯವಾಡದಲ್ಲಿ 44 ಡಿಗ್ರಿ ಉಷ್ಣತೆಯೂ ಶೇಕಡ 20ರಷ್ಟು ತೇವಾಂಶವೂ ಇದ್ದರೆ, ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕವು ಸುಮಾರು 25 ಡಿಗ್ರಿಗೆ ಇಳಿಯುತ್ತದೆ. ವಿಶಾಖಪಟ್ಟಣದ ದಂಡೆಯಲ್ಲಿ 32 ಡಿಗ್ರಿ ಉಷ್ಣತೆಯೂ ಶೇಕಡ 75ರ ತೇವಾಂಶವೂ ಇದ್ದಾಗ ಅದೇ ಉಷ್ಣಮಾಪಕ 28ಕ್ಕೆ ಬಂದು ನಿಂತುಬಿಡುತ್ತದೆ. ಒಂದೆಡೆ ಹತ್ತೊಂಬತ್ತು ಡಿಗ್ರಿಯ ಲಾಭ, ಇನ್ನೊಂದೆಡೆ ನಾಲ್ಕೇ ಡಿಗ್ರಿ. ಕಲಬುರಗಿ, ರಾಯಚೂರುಗಳ ಮನೆಮನೆಯಲ್ಲೂ ಕಾಣುವ ನೀರಿನ ಕೂಲರು ಮಂಗಳೂರಿನಲ್ಲಿ ಏಕೆ ಹೆಚ್ಚು ಕಾಣುವುದಿಲ್ಲವೆಂಬುದನ್ನು ಬಲ್ಲ ಕನ್ನಡ ಓದುಗರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ. ನೀರು ಕೈಕೊಟ್ಟ ಕಡೆ ಬೇರೆ ಉಪಾಯಗಳನ್ನು ಹುಡುಕಬೇಕಾಯಿತು.

ಅಂಥ ಉಪಾಯಗಳು ಭಾರತದಲ್ಲಿ ಹಳೆಯವೇ. ಅಕ್ಬರನ ಆಸ್ಥಾನದಲ್ಲಿ ಪೆಟ್ಲುಪ್ಪು ಬೆರೆಸಿದ ನೀರಿನಲ್ಲಿ ಕುಡಿಯುವ ನೀರಿನ ಪಾತ್ರೆಯನ್ನು ತಿರುಗಿಸಿ ತಣಿಸುತ್ತಿದ್ದುದನ್ನೂ, ಆಸ್ಥಾನವು ಲಾಹೋರಿನಲ್ಲಿದ್ದಾಗ ಹಿಮಾಲಯದಿಂದ ಹಿಮವನ್ನು ತರಿಸುತ್ತಿದ್ದುದನ್ನೂ ಅಬುಲ್ ಫಜಲನ ಐನ್-ಇ-ಅಕ್ಬರಿ ದಾಖಲಿಸುತ್ತದೆ. ಅಲಹಾಬಾದಿನ ಸುತ್ತ ಚಳಿಗಾಲದ ರಾತ್ರಿಗಳಲ್ಲಿ ಆಳವಿಲ್ಲದ ಮಣ್ಣಿನ ತಟ್ಟೆಗಳಲ್ಲಿ ನೀರಿಟ್ಟು ಬೆಳಗಿನೊಳಗೆ ಮಂಜುಗಡ್ಡೆ ಪಡೆಯುತ್ತಿದ್ದ ಕ್ರಮವನ್ನು 1775ರಲ್ಲಿ ರಾಬರ್ಟ್ ಬಾರ್ಕರ್ ವಿವರಿಸಿದ್ದಾನೆ. ಒಣಗಾಳಿ ಮತ್ತು ನಿರ್ಮಲ ಆಕಾಶ ಬೇಡುವ ಈ ವಿದ್ಯೆ ಕೋರಮಂಡಲ ತೀರಕ್ಕೆ ಒದಗುವಂಥದಾಗಿರಲಿಲ್ಲ. ಆ ತೀರಕ್ಕೆ ಮಂಜುಗಡ್ಡೆ ಬಂದದ್ದು ಕಡಲ ಮಾರ್ಗದಲ್ಲಿ, ಅದೂ ಅಮೆರಿಕದಿಂದ. ಬಾಸ್ಟನ್ನಿನ ವ್ಯಾಪಾರಿ ಫ್ರೆಡರಿಕ್ ಟ್ಯೂಡರನು ಕೆರೆಗಳಲ್ಲಿ ಹೆಪ್ಪುಗಟ್ಟಿದ ನೀರನ್ನು ಕತ್ತರಿಸಿ, ಶಾಖ ಒಳಹೊಗದಂತೆ ಹೊದಿಸಿ ಹಡಗಿಗೇರಿಸುತ್ತಿದ್ದನು. 1833ರ ಮೇ ತಿಂಗಳಲ್ಲಿ ಹೊರಟ ಟಸ್ಕನಿ ಎಂಬ ಹಡಗು 180 ಟನ್ ಹೊತ್ತು ನಾಲ್ಕು ತಿಂಗಳ ತರುವಾಯ ಸುಮಾರು 100 ಟನ್ನನ್ನು ಕಲ್ಕತ್ತೆಗೆ ಮುಟ್ಟಿಸಿತು. ಮದರಾಸಿನಲ್ಲಿ ಈ ಸರಕನ್ನು ಕೂಡಿಡಲು 1842ರಲ್ಲಿ ಕಟ್ಟಿದ ಮಂಜುಗಡ್ಡೆಯ ಮನೆ, 1897ರಲ್ಲಿ ವಿವೇಕಾನಂದರು ತಂಗಿದ್ದ ಕಾರಣ ಅವರ ಹೆಸರು ಹೊತ್ತು ಇಂದಿಗೂ ಕಡಲತಡಿಯಲ್ಲಿ ನಿಂತಿದೆ. ಕಲ್ಕತ್ತೆ ಮತ್ತು ಬೊಂಬಾಯಿಯಲ್ಲಿದ್ದ ಇಂಥ ಕಟ್ಟಡಗಳು ಉಳಿದಿಲ್ಲ.

ಆ ವ್ಯಾಪಾರ ಅಳಿದರೂ ಅದರ ತೂಕದ ಕಲ್ಲು ಮಾತ್ರ ಉಳಿದುಕೊಂಡಿತು. ಅಂಗಡಿಯಲ್ಲಿ ಒಂದು ಟನ್ನಿನ, ಒಂದೂವರೆ ಟನ್ನಿನ ಏಸಿ ಕೇಳುವವರು ಯಂತ್ರದ ಭಾರದ ಮಾತಾಡುತ್ತಿಲ್ಲ. 2,000 ಪೌಂಡಿನ ಅಮೆರಿಕನ್ ಟನ್ ಮಂಜುಗಡ್ಡೆ ಒಂದು ದಿನರಾತ್ರಿಯಲ್ಲಿ ಕರಗುವಾಗ ಹೀರುವಷ್ಟು ಶಾಖವನ್ನು, ಅಂದರೆ ಸುಮಾರು 3.5 ಕಿಲೋವಾಟನ್ನು, ಎತ್ತಿ ಹಾಕುವ ಸಾಮರ್ಥ್ಯವನ್ನು ಕೇಳುತ್ತಿದ್ದಾರೆ. ಗಣಕಯಂತ್ರಕ್ಕೆ ಕಂಪ್ರೆಸರ್ ಹುಡುಕುವ ಹವ್ಯಾಸಿಯೂ ಇದೇ ಲೆಕ್ಕದಿಂದಲೇ ಹೊರಡಬೇಕು.

ಹಡಗಿನ ಮಂಜುಗಡ್ಡೆಯನ್ನು ಹಿಂದಿಕ್ಕಿದ್ದು ಆವಿ ಸಂಪೀಡನ ಯಂತ್ರ. ಬೇಗ ಕುದಿಯುವ ದ್ರವವೊಂದನ್ನು ಕಡಿಮೆ ಒತ್ತಡದಲ್ಲಿ ಕುದಿಯಬಿಟ್ಟು ಅದರಿಂದ ಸುತ್ತಲಿನ ಶಾಖ ಹೀರಿಸುವುದು, ಹುಟ್ಟಿದ ಆವಿಯನ್ನು ಒತ್ತಿ ಬಿಸಿಮಾಡಿ ಹೊರಗಿನ ಗಾಳಿಗೋ ನೀರಿಗೋ ಆ ಶಾಖವನ್ನು ಬಿಟ್ಟುಕೊಡುವಂತೆ ಮಾಡುವುದು, ದ್ರವವಾದ ಅದನ್ನು ಕಿರಿದಾದ ದಾರಿಯಲ್ಲಿ ನುಸುಳಿಸಿ ಮತ್ತೆ ಮೊದಲಿನ ಒತ್ತಡಕ್ಕೆ ಇಳಿಸುವುದು ಇದರ ಕ್ರಮ. ಈಥರಿನಿಂದ ನಡೆಯುವ ಇಂಥ ಯಂತ್ರಕ್ಕೆ ಜೇಕಬ್ ಪರ್ಕಿನ್ಸ್ 1834ರಲ್ಲಿ ಲಂಡನ್ನಿನಲ್ಲಿ ಪೇಟೆಂಟು ಪಡೆದನು. ಆಸ್ಟ್ರೇಲಿಯದ ಜೇಮ್ಸ್ ಹ್ಯಾರಿಸನ್ 1850ರ ದಶಕದಲ್ಲಿ ಅದನ್ನು ಕಸುಬಿಗೆ ಒದಗಿಸಿದನು. ಮದರಾಸಿನಲ್ಲಿ 1874ರಲ್ಲಿ, ಕಲ್ಕತ್ತೆಯಲ್ಲಿ 1878ರಲ್ಲಿ ಮಂಜುಗಡ್ಡೆ ತಯಾರಿಸುವ ಕಂಪನಿಗಳು ಹುಟ್ಟಿಕೊಂಡ ಮೇಲೆ ಅಮೆರಿಕದ ಹಡಗುಗಳಿಗೆ ಕೆಲಸ ಉಳಿಯಲಿಲ್ಲ. ಇದಕ್ಕಿಂತ ಮುಖ್ಯವಾದ, ಆದರೆ ಹೆಚ್ಚಾಗಿ ಮರೆತುಹೋಗುವ ಘಟ್ಟವೊಂದು 1902ರದು: ನ್ಯೂಯಾರ್ಕಿನ ಬ್ರೂಕ್ಲಿನ್ನಿನ ಮುದ್ರಣಾಲಯವೊಂದರಲ್ಲಿ ತೇವದಿಂದ ಕಾಗದ ಉಬ್ಬಿ ಬಣ್ಣಗಳ ಅಚ್ಚು ಒಂದರ ಮೇಲೊಂದು ಸರಿಯಾಗಿ ಕೂರದಿದ್ದಾಗ, ವಿಲಿಸ್ ಕ್ಯಾರಿಯರ್ ತಣ್ಣನೆಯ ಸುರುಳಿಗಳ ಮೇಲೆ ಗಾಳಿ ಹಾಯಿಸಿ ಅದರ ನೀರನ್ನು ಇಳಿಸುವ ಏರ್ಪಾಟು ಮಾಡಿದನು. ಹವಾನಿಯಂತ್ರಣವು ಜನರ ಸೆಕೆಗಾಗಿ ಹುಟ್ಟಲಿಲ್ಲ, ಕಾಗದದ ಒದ್ದೆಗಾಗಿ ಹುಟ್ಟಿತು. 1928ರಲ್ಲಿ ಥಾಮಸ್ ಮಿಜ್ಲಿಯ ತಂಡ ಕಂಡುಕೊಂಡ ಫ್ರಿಯಾನ್ ವರ್ಗದ ಅನಿಲಗಳು ವಿಷವೂ ಅಲ್ಲದೆ ಉರಿಯದೆಯೂ ಇದ್ದುದರಿಂದ ಯಂತ್ರವು ಕಾರ್ಖಾನೆಯಿಂದ ಅಡುಗೆಮನೆಗೆ ಬರಲು ಸಾಧ್ಯವಾಯಿತು.

ವಿಶಾಖಪಟ್ಟಣದಲ್ಲಿ ಬಂದರು 1933ರಲ್ಲಿ ತೆರೆದುಕೊಂಡಿತು. ಮೀನನ್ನು ಉಪ್ಪು ಹಾಕಿ ಒಣಗಿಸಿ ಒಳನಾಡಿಗೆ ಕಳುಹಿಸುತ್ತಿದ್ದ ಹಳೆಯ ಪದ್ಧತಿಯ ಪಕ್ಕದಲ್ಲಿ ಮಂಜುಗಡ್ಡೆಯ ಕಾರ್ಖಾನೆ, ಶೀತಲಗೃಹ, ಸಿಗಡಿಯನ್ನು ಹೆಪ್ಪುಗಟ್ಟಿಸುವ ಘಟಕಗಳು ನೆಲೆಯೂರಿ, ಮುಂದೆ ಹೆಪ್ಪುಗಟ್ಟಿದ ಸಿಗಡಿಯ ರಫ್ತಿನಲ್ಲಿ ಈ ಬಂದರು ದೇಶದ ಮುಂಚೂಣಿಗೆ ಬಂದಿತು. ಒಳನಾಡಿನಲ್ಲಿ ಹೈದರಾಬಾದಿನ ಆಲ್ವಿನ್ ಕಂಪನಿ ಮನೆಬಳಕೆಯ ಫ್ರಿಜ್‌ಗಳನ್ನು ತಯಾರಿಸಿ ಆಂಧ್ರದ ಮಧ್ಯಮವರ್ಗಕ್ಕೆ ಅವನ್ನು ಪರಿಚಯಿಸಿದ್ದರಿಂದ, ಕೆಟ್ಟ ಫ್ರಿಜ್ಜನ್ನು ಸರಿಪಡಿಸುವ ಮೆಕ್ಯಾನಿಕ್ಕುಗಳ ಕಸುಬೂ ಊರೂರಲ್ಲಿ ಬೇರುಬಿಟ್ಟಿತು. ಅವರಲ್ಲಿ ಬಹಳಷ್ಟು ಜನ ಕೈಯಿಂದ ಕೈಗೆ ಕಲಿತವರು. ಗುಪ್ತೋಷ್ಣದ ಹೆಸರು ಕೇಳದಿದ್ದರೂ ಕಂಪ್ರೆಸರಿಗೆ ಮರಳುವ ಕೊಳವೆ ಎಲ್ಲಿಯವರೆಗೆ ಬೆವರಿದೆ, ಎಲ್ಲಿಂದ ಹಿಮ ಕಟ್ಟಿದೆ ಎಂಬುದನ್ನು ನೋಡಿ ಗ್ಯಾಸು ಹೆಚ್ಚೋ ಕಡಿಮೆಯೋ ಎಂದು ಹೇಳಬಲ್ಲವರು. ಮನೆಯಲ್ಲಿ ಗಣಕಯಂತ್ರ ತಣಿಸಹೊರಟ ತರುಣರಿಗೆ ನಿಜವಾದ ಗುರುಗಳು ಇವರೇ.

ಸ್ಥಿತಿ ಬದಲಾವಣೆಯ ಬಹು ದೊಡ್ಡ ರೂಪವೂ ದುವ್ವಾಡದ ನೆರೆಯಲ್ಲೇ ಇದೆ. ಉಕ್ಕು ತಯಾರಿಕೆಗೆ ಅಪಾರ ಆಮ್ಲಜನಕ ಬೇಕಾದ್ದರಿಂದ ಕಾರ್ಖಾನೆಯು ಗಾಳಿಯನ್ನೇ ಒತ್ತಿ, ಹಿಗ್ಗಿಸಿ, ದ್ರವವಾಗಿಸಿ, ಸೊನ್ನೆಗಿಂತ 196 ಡಿಗ್ರಿ ಕೆಳಗೆ ಕುದಿಯುವ ಸಾರಜನಕವನ್ನೂ 183 ಡಿಗ್ರಿ ಕೆಳಗೆ ಕುದಿಯುವ ಆಮ್ಲಜನಕವನ್ನೂ ಬೇರ್ಪಡಿಸುತ್ತದೆ. 2021ರ ಏಪ್ರಿಲ್ 19ರಂದು ಮುಂಬಯಿ ಬಳಿಯ ಕಲಂಬೋಲಿಯಿಂದ ಏಳು ಖಾಲಿ ಟ್ಯಾಂಕರುಗಳನ್ನು ಹೊತ್ತು ಹೊರಟ ಮೊದಲ ಆಕ್ಸಿಜನ್ ಎಕ್ಸ್‌ಪ್ರೆಸ್ ರೈಲು ದ್ರವ ಆಮ್ಲಜನಕ ತುಂಬಿಸಿಕೊಂಡದ್ದು ಇಲ್ಲಿಯೇ. ತಂಪು ತಪ್ಪಿದರೆ ಏನಾಗುತ್ತದೆಂಬುದನ್ನೂ ಈ ನಗರ ಕಂಡಿದೆ: 2020ರ ಮೇ 7ರ ನಸುಕಿನಲ್ಲಿ ಆರ್.ಆರ್. ವೆಂಕಟಾಪುರದ ಕಾರ್ಖಾನೆಯೊಂದರಲ್ಲಿ ತಣ್ಣಗಿರಬೇಕಾದ ಸ್ಟೈರೀನ್ ಎಂಬ ದ್ರವ ತನ್ನ ಟ್ಯಾಂಕಿನೊಳಗೆ ಕಾವೇರಿ ಆವಿಯಾಗಿ ಹೊರಬಿದ್ದು ಹನ್ನೆರಡು ಜನರ ಪ್ರಾಣ ತೆಗೆಯಿತು.

ಗಣಕಯಂತ್ರಗಳ ಕಡೆ ತಿರುಗಿದರೆ, ಮೊದಲ ತಲೆಮಾರಿನಲ್ಲೂ ತೇವವೇ ದೊಡ್ಡ ತಲೆನೋವಾಗಿತ್ತು. ಬೊಂಬಾಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ 1960ರಲ್ಲಿ ಕಾರ್ಯಾರಂಭಿಸಿದ ಟಿಫ್ರ್ಯಾಕ್ ಯಂತ್ರದಲ್ಲಿ ಸುಮಾರು 2,700 ನಿರ್ವಾತ ಕೊಳವೆಗಳಿದ್ದು ಅವುಗಳ ಶಾಖವನ್ನು ಹೊರಹಾಕುವುದೇ ಒಂದು ಕೆಲಸವಾಗಿದ್ದರೆ, ಆ ಕಾಲದ ಗಣಕಕೇಂದ್ರಗಳಲ್ಲಿ ಬಳಸುತ್ತಿದ್ದ ರಂಧ್ರಪತ್ರಗಳು, ಅಂದರೆ ಮಾಹಿತಿಯನ್ನು ತೂತುಗಳಾಗಿ ಹೊತ್ತ ದಪ್ಪ ಕಾಗದದ ಕಾರ್ಡುಗಳು, ತೇವಕ್ಕೆ ಉಬ್ಬಿ ಯಂತ್ರದಲ್ಲಿ ಸಿಕ್ಕಿಕೊಳ್ಳುವುದು ಇನ್ನೊಂದು ಕಾಟವಾಗಿತ್ತು. ಬ್ರೂಕ್ಲಿನ್ನಿನ ಮುದ್ರಕರ ತೊಂದರೆಯೇ ಅರವತ್ತು ವರ್ಷಗಳ ತರುವಾಯ ಗಣಕಕೋಣೆಯಲ್ಲಿ ಮರಳಿತ್ತು. ಏಸಿ ಕೋಣೆ, ಗಾಜಿನ ಬಾಗಿಲು, ಹೊರಗೆ ಬಿಟ್ಟ ಚಪ್ಪಲಿಗಳಿಂದ ಕೂಡಿದ ಗಣಕಕೇಂದ್ರದ ಚಿತ್ರ ಹೀಗೆ ರೂಪುಗೊಂಡಿತು.

ಶೀತಕ ದ್ರವದಿಂದ ಕೋಣೆಯ ಗಾಳಿಯನ್ನು ತಣಿಸುವ ಬದಲು ಅದನ್ನು ನೇರವಾಗಿ ಯಂತ್ರದ ಒಡಲಿಗೆ ತಂದ ಕೀರ್ತಿ ಸೀಮೋರ್ ಕ್ರೇಯ ತಂಡಕ್ಕೆ ಸೇರುತ್ತದೆ. 1976ರಲ್ಲಿ ಲಾಸ್ ಅಲಮಾಸ್ ಪ್ರಯೋಗಾಲಯಕ್ಕೆ ಹೋದ ಮೊದಲ ಕ್ರೇ-1 ಯಂತ್ರವು ಸುಮಾರು 115 ಕಿಲೋವಾಟ್ ವಿದ್ಯುತ್ತನ್ನು ತಿನ್ನುತ್ತಿತ್ತು. ಅದರ ಶಾಖವನ್ನು ಅಲ್ಯೂಮಿನಿಯಮ್ ಪಟ್ಟಿಗಳೊಳಗೆ ಕೂರಿಸಿದ ಉಕ್ಕಿನ ಕೊಳವೆಗಳಲ್ಲಿ ಹರಿಯುವ ಫ್ರಿಯಾನ್ ಹೊತ್ತೊಯ್ಯುತ್ತಿತ್ತು. ಡೀನ್ ರೌಷ್ ಎಂಬ ಎಂಜಿನಿಯರ್ ರೂಪಿಸಿದ ಈ ಏರ್ಪಾಟು ಸೋರಿಕೆಯಿಂದ ಮೊದಮೊದಲು ಬಹಳ ಕಾಡಿಸಿತು. ಇದೇ ವಂಶದ ಎಕ್ಸ್-ಎಂಪಿ ಯಂತ್ರವೊಂದು ದೀರ್ಘ ರಾಜತಾಂತ್ರಿಕ ಚೌಕಾಸಿಯ ನಂತರ 1980ರ ದಶಕದ ಕೊನೆಯಲ್ಲಿ ದೆಹಲಿಗೆ ಹವಾಮಾನ ಮುನ್ಸೂಚನೆಗಾಗಿ ಬಂದಿತು. ಕೇಳಿದ ಮಾದರಿಯನ್ನು ಅಮೆರಿಕ ಕೊಡದೆ ಕೆಳಗಿನ ಮಾದರಿಯನ್ನು ಕೊಟ್ಟದ್ದು, ಸ್ವದೇಶಿ ಮಹಾಗಣಕ ರೂಪಿಸುವ ಸಿ-ಡ್ಯಾಕ್ ಸಂಸ್ಥೆ ಪುಣೆಯಲ್ಲಿ 1988ರಲ್ಲಿ ಸ್ಥಾಪನೆಯಾಗಲು ಕಾರಣಗಳಲ್ಲೊಂದು. ಇಟಿಎ ಕಂಪನಿಯ 1987ರ ಯಂತ್ರವಂತೂ ದ್ರವ ಸಾರಜನಕದಲ್ಲೇ ಮುಳುಗಿ ಕೆಲಸ ಮಾಡುತ್ತಿತ್ತು. ಚಳಿಯಲ್ಲಿ ಲೋಹದ ವಿದ್ಯುತ್ ರೋಧ ಇಳಿದು, ಟ್ರಾನ್ಸಿಸ್ಟರುಗಳ ಸೋರಿಕೆ ತಗ್ಗಿ, ಅದೇ ಚಿಪ್ಪು ಹೆಚ್ಚು ವೇಗದಲ್ಲಿ ಓಡಬಲ್ಲದು ಎಂಬುದೇ ಇದರ ಹಿಂದಿನ ತರ್ಕ.

ಈ ಹೊತ್ತಿನಲ್ಲೇ ಕರ್ನಾಟಕದಲ್ಲಿ ಇದಕ್ಕೆ ತದ್ವಿರುದ್ಧವಾದ ಪ್ರಯೋಗವೊಂದು ನಡೆದದ್ದನ್ನು ಇಲ್ಲಿ ನೆನೆಯಬೇಕು. 1984ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆಯು 128 ಸಂಪರ್ಕಗಳ ಗ್ರಾಮೀಣ ದೂರವಾಣಿ ವಿನಿಮಯ ಕೇಂದ್ರವನ್ನು ಹವಾನಿಯಂತ್ರಣವೇ ಬೇಕಾಗದಂತೆ ವಿನ್ಯಾಸಗೊಳಿಸಿ, 1986ರಲ್ಲಿ ಕಿತ್ತೂರಿನಲ್ಲಿ ಮೊದಲ ಬಾರಿಗೆ ಸ್ಥಾಪಿಸಿತು. ಕರೆಂಟು ಬಂದು ಹೋಗುವ, ಧೂಳು ತುಂಬಿದ ಊರುಗಳಲ್ಲಿ ಬಾಳಬೇಕಾದ ಎಲೆಕ್ಟ್ರಾನಿಕ್ ಮಿದುಳು ತಾನೇ ಕಡಿಮೆ ಬಿಸಿಯಾಗಬೇಕೆಂಬ ಈ ಆಲೋಚನೆಯು ಕ್ರೇಯ ಕೊಳವೆಗಳಿಗಿಂತ ಯಾವ ರೀತಿಯಲ್ಲೂ ಕಡಿಮೆ ಜಾಣತನದ್ದಲ್ಲ.

ಮನೆಯಲ್ಲಿ ಕಟ್ಟುವ ಕಂಪ್ರೆಸರ್ ತಂಪು 1990ರ ದಶಕದ ಕೊನೆಯ ವರ್ಷಗಳ ಕೂಸು. ಅಮೆರಿಕದ ಕ್ರಯೋಟೆಕ್ ಕಂಪನಿಯು ಸಂಸ್ಕಾರಕ ಚಿಪ್ಪನ್ನು ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗೆ ಇಳಿಸುವ ಪೆಟ್ಟಿಗೆಗಳನ್ನು ಮಾರಿ, 2000ದ ಆರಂಭದಲ್ಲಿ ಎಎಂಡಿ ಚಿಪ್ಪನ್ನು ಒಂದು ಗಿಗಾಹರ್ಟ್ಸ್ ವೇಗದಲ್ಲಿ ಓಡಿಸಿ ತೋರಿಸಿತು. ಡೆನ್ಮಾರ್ಕಿನ ಅಸೆಟೆಕ್ ಕಂಪನಿ ವೇಪೋಚಿಲ್ ಎಂಬ ಹೆಸರಿನಲ್ಲಿ ಅದೇ ಹಾದಿ ಹಿಡಿಯಿತು. ಬೆಲೆ ಕೊಡಲಾರದವರು ಹಳೆಯ ಏಸಿ, ಫ್ರಿಜ್, ನೀರು ತಣಿಸುವ ಯಂತ್ರಗಳನ್ನು ಬಿಚ್ಚತೊಡಗಿದರು. ಕೆಲಸದ ಕ್ರಮ ಎಲ್ಲೆಡೆಯೂ ಒಂದೇ. ತಾಮ್ರದ ಗಟ್ಟಿಯಲ್ಲಿ ಸುತ್ತುದಾರಿ ಕೊರೆದು ಚಿಪ್ಪಿನ ಮೇಲೆ ಕೂರುವ ಆವಿಕಾರಕವನ್ನು ಮಾಡುವುದು. ಕೊಳವೆಗಳನ್ನು ಬೆಸೆಯುವಾಗ ಒಳಗೆ ಕಪ್ಪು ಹುಡಿ ಕಟ್ಟದಂತೆ ಮೆಲ್ಲಗೆ ಸಾರಜನಕ ಹಾಯಿಸುವುದು. ಬೆಸುಗೆಗೆ ಸೋಪುನೀರು ಹಚ್ಚಿ ಗುಳ್ಳೆ ಏಳುವುದೇ ಎಂದು ನೋಡುವುದು. ಪಂಪಿನಿಂದ ಗಾಳಿ ಮತ್ತು ತೇವವನ್ನು ಪೂರ್ತಿ ಎಳೆದು ಗ್ಯಾಸು ತುಂಬುವುದು. ಒತ್ತಡ ಇಳಿಸುವ ಕ್ಯಾಪಿಲರಿಯೆಂಬ ಕೂದಲಿನಂಥ ತಾಮ್ರದ ನಳಿಕೆಯನ್ನು ಬೇಕಾದ್ದಕ್ಕಿಂತ ಉದ್ದವಾಗಿಟ್ಟುಕೊಂಡು, ಓಡಿಸಿ ನೋಡಿ, ಗ್ಯಾಸು ತೆಗೆದು, ತುಸು ಕತ್ತರಿಸಿ, ಮತ್ತೆ ಬೆಸೆದು ಓಡಿಸುವ ತಾಳ್ಮೆಯೇ ಇದರಲ್ಲಿ ಅರ್ಧ ವಿದ್ಯೆ. ಆರ್-134ಎ ಅನಿಲ ಸೊನ್ನೆಗಿಂತ 26 ಡಿಗ್ರಿ, ಆರ್-22 ಸುಮಾರು 41 ಡಿಗ್ರಿ, ಪ್ರೊಪೇನ್ 42 ಡಿಗ್ರಿ ಕೆಳಗೆ ಕುದಿಯುತ್ತವೆ. ಪ್ರೊಪೇನಿನ ಗುಪ್ತೋಷ್ಣ ಉಳಿದೆರಡಕ್ಕಿಂತ ಹೆಚ್ಚು, ಅದರ ಬೆಂಕಿಯ ಭಯವೂ ಹೆಚ್ಚು. ಕಂಪ್ರೆಸರಿನ ಆಯ್ಕೆಯೂ ಸುಲಭದ್ದಲ್ಲ: ಬಾಗಿಲು ಮುಚ್ಚಿದ ಪೆಟ್ಟಿಗೆಗೆ ನಿಧಾನವಾಗಿ ನುಸುಳುವ ಶಾಖವನ್ನು ಬಿಟ್ಟುಬಿಟ್ಟು ಎತ್ತಲು ಮಾಡಿದ ಫ್ರಿಜ್ಜಿನ ಕಂಪ್ರೆಸರು, ನೂರು ವಾಟ್ ಮೀರಿದ ಶಾಖವನ್ನು ಎಡೆಬಿಡದೆ ಸುರಿಯುವ ಚಿಪ್ಪಿನ ಮುಂದೆ ಏದುಸಿರು ಬಿಡುತ್ತದೆ, ಒಂದು ಟನ್ನಿನ ಏಸಿಯ ಕಂಪ್ರೆಸರು ಹತ್ತಾರು ಪಟ್ಟು ಅತಿಯಾಗುತ್ತದೆ.

ಇಷ್ಟೆಲ್ಲ ಸರಿಹೋದ ಮೇಲೆ ನೀರು ಬರುತ್ತದೆ. ಗಾಳಿಯಲ್ಲಿನ ತೇವವು ಹನಿಗಟ್ಟತೊಡಗುವ ಉಷ್ಣತೆಗೆ ಇಬ್ಬನಿ ಬಿಂದುವೆಂದು ಹೆಸರು. ಮೇಲೆ ಹೇಳಿದ ವಿಜಯವಾಡದ ಒಣ ಮಧ್ಯಾಹ್ನದಲ್ಲಿ ಅದು ಸುಮಾರು 16 ಡಿಗ್ರಿಯಿದ್ದರೆ ವಿಶಾಖಪಟ್ಟಣದ ದಂಡೆಯಲ್ಲಿ 27 ಡಿಗ್ರಿ. ಅಂದರೆ ದುವ್ವಾಡದ ಮನೆಯೊಂದರಲ್ಲಿ ಚಿಪ್ಪನ್ನು ಮೈನಸ್ ನಲವತ್ತಕ್ಕೆ ಇಳಿಸುವ ಮಾತು ಹಾಗಿರಲಿ, ಕೊಳವೆಯನ್ನು 25 ಡಿಗ್ರಿಯಲ್ಲಿಟ್ಟರೂ ಸಾಕು, ಅದರ ಮೇಲೆ ನೀರು ಹನಿಗಟ್ಟುತ್ತದೆ. ಚಿಪ್ಪಿನ ಸುತ್ತ ಗಾಳಿಯಾಡದ ರಬ್ಬರು ಫೋಮನ್ನು ಒತ್ತಿ ಕೂರಿಸುವುದು, ಸಾಕೆಟ್ಟಿನ ತೂತುಗಳಿಗೆ ವಿದ್ಯುತ್ ಹಾಯದ ಗ್ರೀಸ್ ತುಂಬುವುದು, ಮದರ್‌ಬೋರ್ಡಿನ ಬೆನ್ನಿಗೆ ಸಣ್ಣ ಹೀಟರು ಅಂಟಿಸುವುದು ಹವ್ಯಾಸಿಗಳು ಕಂಡುಕೊಂಡ ರಕ್ಷಣೆಗಳು. ಫೋಮಿನಲ್ಲಿ ಒಂದು ಸೀಳು ಉಳಿದರೆ ಅಲ್ಲಿ ಹಿಮ ಕಟ್ಟುತ್ತದೆ, ಯಂತ್ರ ಆರಿಸಿದೊಡನೆ ಕರಗುತ್ತದೆ, ಬೋರ್ಡು ಸುಡುತ್ತದೆ. ಚಳಿದೇಶಗಳ ಒಣ ಕೋಣೆಗಳಲ್ಲಿ ಹುಟ್ಟಿದ ಹವ್ಯಾಸವು ಈ ದಂಡೆಗೆ ಒಗ್ಗದಿರುವುದಕ್ಕೆ ಹಣಕ್ಕಿಂತಲೂ ಕೌಶಲಕ್ಕಿಂತಲೂ ಇಬ್ಬನಿಯೇ ದೊಡ್ಡ ಕಾರಣವೆನ್ನಬೇಕು.

ಸೋತ ವಿದ್ಯೆಯ ಜಾಗದಲ್ಲಿ ಗೆದ್ದದ್ದೂ ಸ್ಥಿತಿ ಬದಲಾವಣೆಯೇ, ಆದರೆ ಕಂಪ್ರೆಸರ್ ಇಲ್ಲದ್ದು. ಕ್ರೇ-1 ಬಂದಿಳಿದ ಅದೇ ಲಾಸ್ ಅಲಮಾಸಿನಲ್ಲಿ ಜಾರ್ಜ್ ಗ್ರೋವರ್ 1963ರಲ್ಲಿ ಬಾಹ್ಯಾಕಾಶದ ಉಪಯೋಗಕ್ಕೆಂದು ಪರಿಪೂರ್ಣಗೊಳಿಸಿದ ಶಾಖನಳಿಕೆಯೆಂದರೆ, ಗಾಳಿ ತೆಗೆದು ಮುಚ್ಚಿದ ಲೋಹದ ಕೊಳವೆಯೊಳಗೆ ತುಸುವೇ ದ್ರವ. ಈಗಿನ ಗಣಕಯಂತ್ರಗಳ ತಾಮ್ರದ ನಳಿಕೆಗಳಲ್ಲಿ ಆ ದ್ರವ ಸಾಮಾನ್ಯವಾಗಿ ಶುದ್ಧ ನೀರು: ಒತ್ತಡ ಕಡಿಮೆಯಿರುವುದರಿಂದ ಅದು ಚಿಪ್ಪಿನ ಬಿಸಿಗೆ ಸುಲಭವಾಗಿ ಆವಿಯಾಗಿ, ಫ್ಯಾನಿರುವ ತುದಿಯಲ್ಲಿ ಮತ್ತೆ ನೀರಾಗಿ, ಒಳಗೋಡೆಯ ಬತ್ತಿಯಂಥ ಪದರದ ಮೂಲಕ ತಾನೇ ಹಿಂದಿರುಗುತ್ತದೆ. ಅದು ಎಂದೂ ಕೋಣೆಯ ಉಷ್ಣತೆಗಿಂತ ಕೆಳಗಿಳಿಯದ ಕಾರಣ ಅದರ ಮೇಲೆ ಇಬ್ಬನಿ ಕೂರುವ ಪ್ರಶ್ನೆಯೇ ಇಲ್ಲ. ವೇಗದ ಪಂದ್ಯದಲ್ಲಿ ಕಂಪ್ರೆಸರಿನ ಮುಂದೆ ಇದು ನಿಲ್ಲಲಾರದು. ದಿನಬಳಕೆಗೆ, ಅದರಲ್ಲೂ ಕಡಲತಡಿಯ ಮನೆಗೆ, ಇದಕ್ಕಿಂತ ತಕ್ಕ ಏರ್ಪಾಟು ಬೇರೆ ಬಂದಿಲ್ಲ.

ಮನೆಯ ಮಟ್ಟದಲ್ಲಿ ಹೀಗೆ ಇತ್ಯರ್ಥವಾದ ಪ್ರಶ್ನೆ ಈಗ ದೊಡ್ಡ ಪ್ರಮಾಣದಲ್ಲಿ ಮತ್ತೆ ಎದ್ದಿದೆ. ವಿಶಾಖಪಟ್ಟಣದಲ್ಲಿ ಐದು ವರ್ಷಗಳಲ್ಲಿ 1,500 ಕೋಟಿ ಡಾಲರ್ ಹೂಡಿ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರ ಕಟ್ಟುವುದಾಗಿ ಗೂಗಲ್ 2025ರ ಅಕ್ಟೋಬರಿನಲ್ಲಿ ಘೋಷಿಸಿತು. ಅಂಥ ಕೇಂದ್ರಗಳ ಶಾಖವನ್ನು ಎತ್ತಿಹಾಕಲು ನೀರು ಬೇಕು ಅಥವಾ ವಿದ್ಯುತ್ ಬೇಕು, ಬಹುಪಾಲು ಎರಡೂ ಬೇಕು. ನಾಲ್ಕೇ ಡಿಗ್ರಿ ಲಾಭ ಕೊಡುವ ಗಾಳಿಯಲ್ಲಿ ಲೆಕ್ಕ ವಿದ್ಯುತ್ತಿನ ಕಡೆಗೇ ವಾಲುತ್ತದೆ. ಹವ್ಯಾಸಿಯ ಗ್ಯಾಸ್ ಸಿಲಿಂಡರಿನ ಕಾಲವೂ ಮುಗಿಯುತ್ತ ಬಂದಿದೆ. ಓಜೋನ್ ಪದರಕ್ಕೆ ಕುತ್ತಾದ ಫ್ರಿಯಾನನ್ನು 1987ರ ಮಾಂಟ್ರಿಯಲ್ ಒಪ್ಪಂದ ಹೊರಗಟ್ಟಿತು. ಆರ್-22 ಕೂಡ ಅದೇ ಒಪ್ಪಂದದಂತೆ ನಿರ್ಗಮಿಸುತ್ತಿದೆ. ಆರ್-134ಎ ವರ್ಗದ ಅನಿಲಗಳನ್ನು ತಗ್ಗಿಸುವ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಅನುಮೋದಿಸಿದ್ದು, 2028ರಲ್ಲಿ ಅವುಗಳ ಬಳಕೆಯನ್ನು ಹೆಚ್ಚದಂತೆ ತಡೆದು, 2032ರಿಂದ ಹಂತಹಂತವಾಗಿ ಇಳಿಸಿ, 2047ರ ಹೊತ್ತಿಗೆ ಶೇಕಡ 85ರಷ್ಟು ಕಡಿತಗೊಳಿಸಬೇಕಾಗಿದೆ.